ಬೋನಾಳದ ದಂಡೆಯಲ್ಲಿ ಡಿಸೆಂಬರ್

ಡಿಸೆಂಬರ್ ಬಂತೆಂದರೆ ಆಫೀಸಿನಲ್ಲಿ ಒಂದೇ ಮಾತು: ಈ ಸಲ ಗೋವಾನೋ, ಗೋಕರ್ಣನೋ? ಬೆಚ್ಚನೆಯ ಬಿಸಿಲು, ನೀರು, ನಾಲ್ಕು ದಿನ ಲ್ಯಾಪ್‌ಟಾಪ್ ಮುಚ್ಚಿಡೋದು. ನಾನು ಮಾತ್ರ ಊರಿನ ಬಸ್ ಹತ್ತುತ್ತೇನೆ. ನಮ್ಮೂರು ಯಾದಗಿರಿ ಹತ್ತಿರದ ಮುದನಾಳ. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ದೂರ. "ನಿಮ್ಮ ಕಡೆ ಬಿಸಿಲು ಬಿಟ್ಟರೆ ಏನಿದೆ ಮಾರಾಯಾ?" ಅಂತ ಗೆಳೆಯರು ನಗುತ್ತಾರೆ. ಆ ಬಿಸಿಲು ಡಿಸೆಂಬರಿನಲ್ಲಿ ಎಷ್ಟು ಹದವಾಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಬೋನಾಳ ಕೆರೆಯಂತೂ ಗೊತ್ತೇ ಇಲ್ಲ.

ಹೋದ ವರ್ಷ ತಮ್ಮನ ಬೈಕ್ ತಗೊಂಡು ನಸುಕಿನಲ್ಲೇ ಹೊರಟೆ. ಯಾದಗಿರಿಯಲ್ಲಿ ಭೀಮಾ ನದಿ ದಾಟಿ, ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ ನೋಡಿ, ಸುರಪುರದಲ್ಲಿ ಚಾ ಕುಡಿದು ಕೆರೆ ಏರಿ ಹತ್ತುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಕಣ್ಣು ಹಾಯುವಷ್ಟು ದೂರ ನೀರು. ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದ ನೀರುಕಾಗೆಗಳು, ಕೆಸರಿನಲ್ಲಿ ಕೊಕ್ಕು ಆಡಿಸುತ್ತಿದ್ದ ಬಾಯ್ಕಳಕಗಳು. ದಡದ ಹುಲ್ಲಿನಲ್ಲಿ ಬೂದು ಮೈಯ, ಬಿಳಿ ತಲೆಯ ಮೇಲೆ ಎರಡು ಕರಿ ಗೆರೆಯ ದೊಡ್ಡ ಹಕ್ಕಿಗಳ ಹಿಂಡು: ಪಟ್ಟೆ ತಲೆಯ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬರುವ ಜಾತಿ ಇದು. 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಂಥ ಹಕ್ಕಿಗೂ ಚಳಿಗಾಲ ಕಳೆಯೋಕೆ ನಮ್ಮ ಬಯಲುಸೀಮೆ ಬೇಕು!

ಎಂಥ ನಿಸರ್ಗ ಅಂದುಕೊಂಡೆ. ಆಮೇಲೆ ನಾನು ನಿಂತಿದ್ದ ಏರಿ ನೆನಪಾಗಿ ತಿದ್ದಿಕೊಂಡೆ. ಈ ನೀರು ತಾನಾಗಿ ಇಲ್ಲಿ ನಿಂತದ್ದಲ್ಲ, ನಿಲ್ಲಿಸಿದ್ದು. ಸುರಪುರದ ನಾಯಕ ಅರಸರು ಕಟ್ಟಿಸಿದ ಕೆರೆ ಇದು; 17ನೇ ಶತಮಾನದ ಪಾಮನಾಯಕನ ಹೆಸರು ಹೇಳುತ್ತಾರೆ. ಮಳೆ ಕೈಕೊಡುವ ಸೀಮೆಯಲ್ಲಿ ಕೆರೆ ಎಂದರೆ ಮೊದಲು ಅನ್ನ, ಚೆಂದವೆಲ್ಲ ಆಮೇಲೆ.

19ನೇ ಶತಮಾನದಲ್ಲಿ ಈ ಕೆರೆಯನ್ನು ಸುಧಾರಿಸಿದವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಭಾರತಕ್ಕೆ ಬಂದು ನಿಜಾಮನ ಸೇನೆ ಸೇರಿದವನು. 1839ರಲ್ಲಿ ಬಂದ 'ಕನ್ಫೆಷನ್ಸ್ ಆಫ್ ಎ ಥಗ್' ಕಾದಂಬರಿ ಅವನಿಗೆ ಇಂಗ್ಲೆಂಡಿನಲ್ಲಿ ಹೆಸರು ತಂದಿತು. 1841ರಲ್ಲಿ ಸುರಪುರಕ್ಕೆ ಬಂದ. ರಾಜಕುಮಾರ ವೆಂಕಟಪ್ಪನಾಯಕ ಆಗಿನ್ನೂ ಚಿಕ್ಕವನು. 1853ರವರೆಗೆ ಸಂಸ್ಥಾನದ ಆಡಳಿತ ನಡೆದದ್ದು ಟೇಲರನ ಕಣ್ಣಳತೆಯಲ್ಲಿ. ಸುರಪುರದ ಗುಡ್ಡದ ಮೇಲೆ ಅವನ 'ಟೇಲರ್ ಮಂಜಿಲ್' ಇವತ್ತಿಗೂ ಇದೆ. ಹುಡುಗ ತನ್ನನ್ನು 'ಅಪ್ಪಾ' ಅಂತ ಕರೆಯುತ್ತಿದ್ದ ಎಂದು ಟೇಲರ್ ಬರೆದುಕೊಂಡಿದ್ದಾನೆ.

ಆ ಹುಡುಗ ಬೆಳೆದು ಪಟ್ಟಕ್ಕೆ ಬಂದ. 1857ರ ಕಿಚ್ಚು ಸುರಪುರಕ್ಕೂ ಹಬ್ಬಿತು. 1858ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೇನೆಯೊಂದಿಗೆ ಕದನ ನಡೆಯಿತು. ಅರಸ ಹೈದರಾಬಾದಿನಲ್ಲಿ ಸೆರೆ ಸಿಕ್ಕ. ಟೇಲರ್ ಅವನನ್ನು ಸೆರೆಯಲ್ಲಿ ಹೋಗಿ ಕಂಡ. ಮರಣದಂಡನೆ ಇಳಿದು ಸೆರೆವಾಸವಾಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲೇ ವೆಂಕಟಪ್ಪನಾಯಕ ಗುಂಡಿಗೆ ಸತ್ತ. ತಾನೇ ಹೊಡೆದುಕೊಂಡ ಅಂತ ಟೇಲರನ ಬರಹ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು.

ನನ್ನನ್ನು ಕಾಡೋದು ಇದು. ಟೇಲರನ ಆತ್ಮಕಥೆ ಅವನು ಸತ್ತ ಮೇಲೆ, 1877ರಲ್ಲಿ ಅಚ್ಚಾಯಿತು. ಓದಿದರೆ ಅವನ ಬಗ್ಗೆ ಪ್ರೀತಿ ಹುಟ್ಟುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅರಸನ ಕಡೆಯ ದಿನಗಳ ಕಥೆಯೂ ನಮಗೆ ಹೆಚ್ಚಾಗಿ ಬಂದದ್ದು ಅದೇ ಲೇಖನಿಯಿಂದ. 'ಅಪ್ಪಾ' ಎಂದವನು ಸೆರೆಮನೆಯಲ್ಲಿ ಏನು ಅಂದುಕೊಂಡನೋ, ಅವನೇ ಬರೆದಿಟ್ಟ ಒಂದು ಪುಟವೂ ನಾನು ಓದಿಲ್ಲ. ಕೆರೆ ಸುಧಾರಿಸಿದವನೂ, ಆ ಸಂಸ್ಥಾನವನ್ನು ಮುಗಿಸಿದ ಸರಕಾರದ ನೌಕರನೂ ಒಬ್ಬನೇ. ಎರಡರಲ್ಲಿ ಒಂದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಇನ್ನು ಬುಟ್ಟಿಯಲ್ಲಿ ಮಣ್ಣು ಹೊತ್ತು ಈ ಏರಿ ಎತ್ತರಿಸಿದವರಿದ್ದಾರಲ್ಲ, ಅವರ ಹೆಸರನ್ನು ಇಬ್ಬರೂ ಬರೆಸಲಿಲ್ಲ.

ಏರಿ ಮೇಲೆ ಸಿಕ್ಕ ಅಜ್ಜ ಒಬ್ಬರು ಕೇಳಿದರು: "ಅಷ್ಟು ದೂರದಿಂದ ಹಕ್ಕಿ ನೋಡ್ಲಾಕ ಬಂದೀರೇನ್ರಿ?"

"ಹೌದ್ರಿ ಯಜಮಾನ್ರ. ಎಷ್ಟು ಚೆಂದ ಅದಾವಲ್ರಿ!"

"ನಿಮಗ ಚೆಂದ. ರಾತ್ರಿ ಹೊಲಕ್ಕ ಇಳಿದು ಎಳಿ ಪೈರು ಮೇಯ್ತಾವ, ಆಗ ಬಂದು ನೋಡ್ರಿ." ಆಮೇಲೆ ತಾವೇ ನಕ್ಕರು. "ಆದ್ರೂ ಬರ್ಲಿಲ್ಲಂದ್ರ ಕೆರಿ ಖಾಲಿ ಖಾಲಿ ಅನ್ನಿಸ್ತದ."

ಹಕ್ಕಿಗಳ ಚಳಿಗಾಲದ ಖರ್ಚಿನಲ್ಲಿ ಒಂದಿಷ್ಟು ಈ ಅಜ್ಜನ ಹೊಲದಿಂದಲೂ ಹೋಗುತ್ತದೆ ಅಂತ ನನಗೆ ಅವತ್ತೇ ಹೊಳೆದದ್ದು. ಫೋಟೋ ತೆಗೆಯೋದು ಬಿಟ್ಟು ಅವರ ಪಕ್ಕ ಕೂತೆ. ಅಷ್ಟರಲ್ಲಿ ಹಿಂಡು ಒಮ್ಮೆಲೇ ಎದ್ದು, ಕೆರೆ ಮೇಲೆ ಒಂದು ಸುತ್ತು ಹೊಡೆದು, ಮತ್ತೆ ಅದೇ ನೀರಿಗೆ ಇಳಿಯಿತು.

ಈ ಡಿಸೆಂಬರಿಗೂ ಹೊರಟಿದ್ದೇನೆ. ಬರೋದಾದರೆ ಬನ್ನಿ, ಬೈನಾಕ್ಯುಲರ್ ನಿಮ್ಮದು, ಚಾ ನನ್ನದು.