ವಿಮಾನದ ಕೊಂಬು

ಡಿಸೆಂಬರ್ ಬಂತೆಂದರೆ ಘಾಟಿಯಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಹೋರಿಗಳ ಕೊಂಬಿಗೆ ಬಣ್ಣ ಬಳಿದು, ತುದಿಗೆ ಹಿತ್ತಾಳೆಯ ಕೊಂಬಣಸು ತೊಡಿಸಿ ಸಾಲಾಗಿ ಕಟ್ಟಿರುತ್ತಾರೆ. ಆ ದಿನಗಳಲ್ಲಿ ನಮಗೆ ಯಾವ ಪಾಠವೂ ತಲೆಗೆ ಹತ್ತುತ್ತಿರಲಿಲ್ಲ ಎಂಬುದನ್ನು ನಮ್ಮ ಮೇಷ್ಟ್ರುಗಳು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ನಾನು ಬರೆಯಹೊರಟಿರುವುದು ಮಾತ್ರ ಬೇರೊಂದು ಕೊಂಬಿನ ಚರಿತ್ರೆ. ಅದು ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ತುಂಡು. ರೇಡಿಯೊದಿಂದ ಹಾರಿಸುವ ಮಾದರಿ ವಿಮಾನದ ರೆಕ್ಕೆ, ಬಾಲಗಳಲ್ಲಿರುವ ಇದಕ್ಕೆ ಕಂಟ್ರೋಲ್ ಹಾರ್ನ್ ಎನ್ನುತ್ತಾರೆ.

ಬಿ.ಇ. ಮೂರನೇ ವರ್ಷದಲ್ಲಿ ಬಾಲ್ಸಾ ಮರದಲ್ಲಿ ಒಂದು ವಿಮಾನ ಕಟ್ಟಿದ್ದೆ. ಜಾತ್ರೆ ಮುಗಿದು ಬಯಲು ಖಾಲಿಯಾದ ಮೇಲೆ ಊರಿಗೆ ತಂದು ಹಾರಿಸಿದೆ. ಎರಡು ಸುತ್ತು ಚೆನ್ನಾಗಿಯೇ ಹಾರಿತು. ಮೂರನೇ ಸುತ್ತಿನಲ್ಲಿ ಕೆಳಗಿಳಿಸಿ ಮತ್ತೆ ಮೂತಿ ಎತ್ತಲು ಕಡ್ಡಿ ಎಳೆದರೆ ಅದು ಮೂತಿ ಎತ್ತಲೇ ಇಲ್ಲ. ನೋಡಲು ಓಡಿಬಂದಿದ್ದ ಚಿಕ್ಕ ಹುಡುಗನೊಬ್ಬನಿಂದ ಹತ್ತು ಹೆಜ್ಜೆ ದೂರದಲ್ಲಿ ನೆಲಕ್ಕೆ ಬಡಿಯಿತು. ಆ ಹತ್ತು ಹೆಜ್ಜೆ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ನಾನು ರೇಡಿಯೊವನ್ನು ಬೈದೆ. ನಮ್ಮ ತಾತ ಚೂರುಗಳನ್ನು ಜಗಲಿಯ ಮೇಲೆ ಹರಡಿಕೊಂಡು ನೋಡಿದರು. ಅವರು ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. "ರೇಡಿಯೊನ ಯಾಕ್ ಬೈತೀಯ ಮಗ? ಕೊಂಬೇ ಕಿತ್ಕೊಂಡೈತಲ್ಲ. ನೀನು ಅಂಟು ಹಾಕಿರೋದು ಹಾಳೆಗೆ, ಮರಕ್ಕಲ್ಲ" ಅಂದರು. ನಿಜವೇ. ಮೇಲೆ ಹೊದಿಸಿದ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸದೆ ಅದರ ಮೇಲೇ ಹಾರ್ನ್ ಅಂಟಿಸಿದ್ದೆ. ಎಳೆತ ಬಿದ್ದಾಗ ಹಾಳೆ ಸಮೇತ ಎದ್ದು ಬಂದಿತ್ತು.

ಈ ಕೊಂಬಿನ ಕೆಲಸ ನಮ್ಮ ಹೊಲದ ಏತದ ಕೆಲಸವೇ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿದರೆ ಜಗ್ಗುವುದಿಲ್ಲ, ಚಿಲಕದ ಬಳಿ ತಳ್ಳಿದರೆ ಒಂದು ಬೆರಳು ಸಾಕು. ಬಾಲದಲ್ಲಿ ಕೀಲಿನ ಮೇಲೆ ಮೇಲೆ-ಕೆಳಗೆ ಆಡುವ ಹಲಗೆ ಎಲಿವೇಟರ್. ಹಾರ್ನ್ ಅದರಿಂದ ಲಂಬವಾಗಿ ಎದ್ದು ನಿಂತು, ಎಳೆಯುವ ಕಡ್ಡಿಗೆ ಹಿಡಿತ ಕೊಡುತ್ತದೆ.

ಮೊದಲ ವಿಮಾನದ ರೆಕ್ಕೆಯಲ್ಲಿ ಇಂಥ ಕೀಲಿನ ಹಲಗೆಯೇ ಇರಲಿಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರು 12 ಸೆಕೆಂಡು ಹಾರಿದಾಗ, ವಿಮಾನ ವಾಲದಂತೆ ಹಿಡಿಯಲು ಇಡೀ ರೆಕ್ಕೆಯನ್ನೇ ತಂತಿಯಿಂದ ತಿರುಚುತ್ತಿದ್ದರು. ಮಲಗಿದ ಚಾಲಕ ಸೊಂಟ ಅತ್ತಿತ್ತ ಸರಿಸಿದರೆ ತಂತಿ ಎಳೆಯುತ್ತಿತ್ತು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಲ್ಲಿ ಅದರ ಪೂರ್ಣ ಗಾತ್ರದ ಪ್ರತಿಕೃತಿ ಇದೆ, ಮಕ್ಕಳು ಪ್ರವಾಸ ಹೋದಾಗ ತಂತಿಗಳನ್ನು ಗಮನಿಸಿ ನೋಡಬೇಕು. ರೆಕ್ಕೆ ಗಟ್ಟಿಯಾಗುತ್ತಾ ಬಂದಂತೆ ತಿರುಚುವುದು ಆಗದ ಮಾತಾಯಿತು. ಆಗ ರೆಕ್ಕೆಯ ಹಿಂದಂಚಿಗೆ ಕೀಲು ಹಾಕಿದ ಪುಟ್ಟ ಹಲಗೆ ಬಂತು. ಅದೇ ಏಲೆರಾನ್, ಫ್ರೆಂಚಿನಲ್ಲಿ ಪುಟ್ಟ ರೆಕ್ಕೆ ಎಂದರ್ಥ. ಆ ಯೋಚನೆಗೆ ಇಂಗ್ಲೆಂಡಿನ ಬೋಲ್ಟನ್ ಎಂಬಾತ 1868ರಲ್ಲೇ ಪೇಟೆಂಟ್ ಪಡೆದಿದ್ದ, ವಿಮಾನವೇ ಇಲ್ಲದ ಕಾಲದಲ್ಲಿ!

ವಿಮಾನ ಕಟ್ಟುವ ಕೆಲಸ ನಮ್ಮ ಸೀಮೆಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲ. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುಗಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ವಿ.ಎಂ. ಘಾಟಗೆಯವರು ವಿನ್ಯಾಸಗೊಳಿಸಿದ ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು 1951ರ ಆಗಸ್ಟ್‌ನಲ್ಲಿ. 1958ರ ಸೆಪ್ಟೆಂಬರ್‌ನಲ್ಲಿ ಪುಷ್ಪಕ್ ಬಂತು. ಎರಡೇ ಆಸನದ, ಬಟ್ಟೆ ಹೊದಿಸಿದ ಈ ಹಗುರ ವಿಮಾನದಲ್ಲಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳ ಎಷ್ಟೋ ಪೈಲಟ್‌ಗಳು ಹಾರಲು ಕಲಿತರು. ತಾತ ಕೆಲಸ ಮಾಡಿದ್ದು ಇದರ ಮೇಲೆಯೇ. ಚಾಲಕನ ಕೈಯಿಂದ ಬಾಲದವರೆಗೆ ಉಕ್ಕಿನ ಕೇಬಲ್, ಅದರ ತುದಿಯಲ್ಲಿ ಲೋಹದ ಹಾರ್ನ್. ನಟ್ಟು ಬಿಗಿದು, ಬಿಚ್ಚದಂತೆ ಪಿನ್ನು ಮಡಚಿ, ಇನ್ಸ್‌ಪೆಕ್ಟರ್ ನೋಡಿ ಸಹಿ ಹಾಕಿದ ಮೇಲೆಯೇ ಕೆಲಸ ಮುಗಿಯುತ್ತಿತ್ತಂತೆ. "ನಿಂಗ್ಯಾರ್ಲಾ ಸೈನ್ ಹಾಕಿದ್ರು?" ಎಂದು ತಾತ ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ.

ಮಾದರಿ ವಿಮಾನಕ್ಕೆ ರೇಡಿಯೊ ಸೇರಿದ್ದು ಅದಕ್ಕೂ ಮೊದಲೇ. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸಹೋದರರು ‘ಗಫ್’ ಹೆಸರಿನ ಮಾದರಿಯನ್ನು ರೇಡಿಯೊದಿಂದ ಹಾರಿಸಿದರು. ಬೆರಳು ಸರಿಸಿದಷ್ಟೇ ಹಲಗೆಯೂ ತಿರುಗುವ ಸರ್ವೊ ಮೋಟಾರು ಹವ್ಯಾಸಿಗಳಿಗೆ ದಕ್ಕಿದ್ದು ಎಷ್ಟೋ ವರ್ಷದ ಮೇಲೆ.

ತಾತ ನನ್ನಿಂದ ಮತ್ತೆ ಮಾಡಿಸಿದ ರೀತಿಯನ್ನು ಇಲ್ಲಿ ಬರೆದಿಡುತ್ತೇನೆ, ಯಾವ ವಿದ್ಯಾರ್ಥಿಗಾದರೂ ಬೇಕಾದೀತು. ಹಾರ್ನ್ ಕೂರುವಷ್ಟು ಜಾಗದ ಹಾಳೆಯನ್ನು ಬ್ಲೇಡಿನಿಂದ ಬಿಡಿಸಬೇಕು, ಮರಕ್ಕೆ ಗಾಯವಾಗಬಾರದು. ಬಾಲ್ಸಾ ಬೆಂಡಿನಂತೆ ಮೆತ್ತಗಿರುವುದರಿಂದ ಸ್ಕ್ರೂ ತೂತಿಗೆ ತೆಳುವಾದ ಸೂಪರ್ ಗ್ಲೂ ಇಳಿಸಿ ಗಟ್ಟಿ ಮಾಡಬೇಕು. ಸ್ಕ್ರೂ ಆಚೆ ಬದಿಗೆ ಹಾಯ್ದು ಅಲ್ಲಿನ ಹಿಂಬದಿ ಪಟ್ಟಿಯನ್ನು ಕಚ್ಚಬೇಕು. ಎಲ್ಲಕ್ಕಿಂತ ಮುಖ್ಯ, ಕಡ್ಡಿ ಸಿಕ್ಕಿಸುವ ತೂತುಗಳ ಸಾಲು ಕೀಲಿನ ಗೆರೆಯ ನೇರ ಮೇಲೆ ಬರಬೇಕು. ಹಿಂದೆ-ಮುಂದೆ ಆದರೆ ಹಲಗೆ ಮೇಲಕ್ಕೆ ಒಂದಷ್ಟು, ಕೆಳಕ್ಕೆ ಇನ್ನೊಂದಷ್ಟು ತಿರುಗುತ್ತದೆ. ಹೊರಗಿನ ತೂತಿಗೆ ಕಡ್ಡಿ ಹಾಕಿದರೆ ಚಲನೆ ಕಡಿಮೆ, ಬಲ ಹೆಚ್ಚು. ಹೊಸಬರು ಅಲ್ಲಿಂದಲೇ ಶುರುಮಾಡುವುದು ಕ್ಷೇಮ. ತೂತಿನಲ್ಲಿ ಕಡ್ಡಿ ಸಡಿಲವಾಗಿ ಆಡಿದರೆ ವೇಗದಲ್ಲಿ ಹಲಗೆ ಪಟಪಟ ಬಡಿದುಕೊಂಡು ಮುರಿಯಬಹುದು. ಇನ್ನೊಂದು ಮಾತು: ಈಗ 2021ರ ಡ್ರೋನ್ ನಿಯಮಗಳಿವೆ, ದೇವನಹಳ್ಳಿ ವಿಮಾನ ನಿಲ್ದಾಣವೂ ಯಲಹಂಕದ ವಾಯುನೆಲೆಯೂ ನಮಗೆ ದೂರವಿಲ್ಲ. ಎಲ್ಲಿ ಹಾರಿಸಬಹುದೆಂದು ನಕ್ಷೆ ನೋಡಿಯೇ ಹೊರಡಬೇಕು.

2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ತೇಜಸ್‌ನಲ್ಲಿ ಕೈಗೂ ರೆಕ್ಕೆಗೂ ನಡುವೆ ಕೇಬಲ್ ಇಲ್ಲ, ಕಂಪ್ಯೂಟರ್ ಇದೆ. ಹಲಗೆ ಎಷ್ಟು ತಿರುಗಬೇಕೆಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಹಲಗೆಯನ್ನು ತಿರುಗಿಸುವ ತೋಳು ಮಾತ್ರ ಅಲ್ಲಿಯೂ ಗಟ್ಟಿಯಾಗಿ ಕೂತಿರಲೇಬೇಕು. ನನ್ನದು ವಿಮಾನದ ಸಾಫ್ಟ್‌ವೇರ್ ಅಲ್ಲ. ಆದರೂ ಕೋಡ್ ಬರೆದು ಮುಗಿಸಿದಾಗಲೆಲ್ಲ ಇನ್ನೊಬ್ಬರಿಗೆ ತೋರಿಸಿ ಒಪ್ಪಿಗೆ ಪಡೆಯುವುದು ನಮ್ಮಲ್ಲೂ ಪದ್ಧತಿ. ಆಗ ತಾತನ ಪ್ರಶ್ನೆ ಕಿವಿಯಲ್ಲಿರುತ್ತದೆ.

ಮರುವರ್ಷ ಅದೇ ಬಯಲಿನಲ್ಲಿ ಹಾರಿಸುವ ಮುನ್ನ ತಾತ ಪ್ರತಿ ಹಾರ್ನನ್ನೂ ಎರಡು ಬೆರಳಲ್ಲಿ ಹಿಡಿದು ಜಗ್ಗಿ ನೋಡಿದರು. ಹುಡುಗರನ್ನೆಲ್ಲ ನನ್ನ ಬೆನ್ನ ಹಿಂದೆ ನಿಲ್ಲಿಸಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಬಾಲದ ಕೆಳಗೆ ಸಣ್ಣದಾಗಿ ಸಹಿ ಹಾಕಿದರು.