ಸಿಲಿಕಾನಿನ ಮೇಲಿನ ಎರಡಕ್ಷರ

ನಿಮ್ಮ ಕಿಸೆಯ ಫೋನಿನಲ್ಲಿ, ಬಟ್ಟೆ ಒಗೆಯುವ ಯಂತ್ರದಲ್ಲಿ, ಬ್ಯಾಂಕಿನ ಗಣಕದಲ್ಲಿ ಸಿಲಿಕಾನಿನ ಪುಟ್ಟ ಚೂರೊಂದು ಸದ್ದಿಲ್ಲದೆ ಲೆಕ್ಕ ಹಾಕುತ್ತಿರುತ್ತದೆ. ಅದೇ ಮೈಕ್ರೊಪ್ರೊಸೆಸರ್. ಅದನ್ನು ಕಂಡುಹಿಡಿದವರು ಯಾರೆಂದರೆ ಒಂದೇ ಹೆಸರು ಹೇಳಿ ಮುಗಿಸುವಂತಿಲ್ಲ. ಆದರೆ ಕಾಗದದ ಮೇಲಿದ್ದ ಆಲೋಚನೆಯನ್ನು ಸಿಲಿಕಾನಿಗೆ ಇಳಿಸಿದ ಕೈ ಯಾರದೆಂಬುದನ್ನು ನೀವು ತಿಳಿಯಲೇಬೇಕು.

ಆತ ಫೆಡೆರಿಕೊ ಫಾಜಿನ್. 1941ರಲ್ಲಿ ಇಟಲಿಯ ವಿಚೆಂಜಾ ನಗರದಲ್ಲಿ ಜನನ. 19ರ ಹರೆಯದಲ್ಲೇ ಒಲಿವೆಟ್ಟಿ ಕಂಪೆನಿಯಲ್ಲಿ ಸಣ್ಣ ಗಣಕವೊಂದನ್ನು ಕಟ್ಟಿದರು. ಪಾದುವಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಓದಿ, 1968ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಪ್ರಯೋಗಶಾಲೆಗೆ ಬಂದರು. ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತನ್ನು ಬಿಡುವ, ತಡೆಯುವ ಬಾಗಿಲಿನಂಥ ಭಾಗವೊಂದುಂಟು. ಅದನ್ನು ಅಲ್ಯೂಮಿನಿಯಮ್ಮಿಗೆ ಬದಲು ಸಿಲಿಕಾನಿನಿಂದಲೇ ಮಾಡುವ ವಿಧಾನವನ್ನು ಕಾರ್ಖಾನೆಗೆ ಒಗ್ಗಿಸಿದವರು ಫಾಜಿನ್. ಇದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರುಗಳು ಹಿಡಿದವು, ವೇಗವೂ ಹೆಚ್ಚಿತು.

ಅದೇ ಸಮಯಕ್ಕೆ, 1969ರಲ್ಲಿ, ಜಪಾನಿನ ಬಿಜಿಕಾಂ ಕಂಪೆನಿ ತನ್ನ ಲೆಕ್ಕದ ಯಂತ್ರಕ್ಕೆ ಚಿಪ್‌ಗಳನ್ನು ಮಾಡಿಕೊಡುವಂತೆ ಅಮೆರಿಕದ ಇಂಟೆಲ್ ಕಂಪೆನಿಯನ್ನು ಕೇಳಿತ್ತು. ಒಂದೊಂದು ಕೆಲಸಕ್ಕೆ ಒಂದೊಂದು ಚಿಪ್ ಏಕೆ, ಬರೆದಿಟ್ಟ ಆಜ್ಞೆಗಳನ್ನು ಓದಿ ನಡೆಯುವ ಒಂದೇ ಚಿಪ್ ಮಾಡೋಣವೆಂದು ಇಂಟೆಲಿನ ಟೆಡ್ ಹಾಫ್ ಸೂಚಿಸಿದರು. ಸ್ಟ್ಯಾನ್ ಮೇಜೋರ್ ಅವರಿಗೆ ಜೊತೆಯಾದರು. ಆಲೋಚನೆ ಸೊಗಸಾಗಿತ್ತು, ಕೆಲಸ ಮಾತ್ರ ಮುಂದೆ ಸಾಗಲಿಲ್ಲ. 1970ರ ಏಪ್ರಿಲಿನಲ್ಲಿ ಫಾಜಿನ್ ಇಂಟೆಲ್ ಸೇರಿದರು. ಆ ಬೆನ್ನಿಗೇ ಬಿಜಿಕಾಂನ ಎಂಜಿನಿಯರ್ ಮಸಾತೋಶಿ ಶಿಮಾ ಬಂದು, ಏನೂ ಆಗಿಲ್ಲದ್ದನ್ನು ಕಂಡು ಸಿಡಿಮಿಡಿಗೊಂಡರು. ಆದರೆ ಅದೇ ಶಿಮಾ ಅಲ್ಲಿಯೇ ನಿಂತು, ಫಾಜಿನ್ನರ ಹೆಗಲಿಗೆ ಹೆಗಲು ಕೊಟ್ಟು ತಿಂಗಳುಗಟ್ಟಲೆ ದುಡಿದರು.

ವರ್ಷದ ಕೊನೆಗೆ ಕೈಗೆ ಬಂದ ಮೊದಲ ಚಿಪ್‌ಗಳಲ್ಲಿ ಜೀವವೇ ಇರಲಿಲ್ಲ. ತಯಾರಿಕೆಯಲ್ಲಿ ಒಂದು ಪದರವೇ ಬಿಟ್ಟುಹೋಗಿತ್ತು! 1971ರ ಜನವರಿಯಲ್ಲಿ ಬಂದವು ಕೆಲಸ ಮಾಡಿದವು. ಹೆಸರು 4004. ಉದ್ದ 4 ಮಿಲಿಮೀಟರು, ಅಗಲ 3. ಅಷ್ಟರಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳು. ಬಿಜಿಕಾಂಗೆ ಬೆಲೆ ಇಳಿಸಿಕೊಟ್ಟು, ಲೆಕ್ಕದ ಯಂತ್ರದಾಚೆಗೂ ಅದನ್ನು ಮಾರುವ ಹಕ್ಕನ್ನು ಇಂಟೆಲ್ ಪಡೆಯಿತು. ನವೆಂಬರಿನಲ್ಲಿ 4004 ಪೇಟೆಗೆ ಬಂದಿತು.

ಚಿಪ್ಪಿನ ಅಂಚಿನಲ್ಲಿ ಫಾಜಿನ್ ತಮ್ಮ ಹೆಸರಿನ ಮೊದಲಕ್ಷರಗಳಾದ ‘ಎಫ್.ಎಫ್.’ ಎಂಬುದನ್ನು ಮೂಡಿಸಿದ್ದರು. ಒಳ್ಳೆಯದೇ ಆಯಿತೆನ್ನಿ. 1974ರಲ್ಲಿ ಅವರು ಇಂಟೆಲ್ ತೊರೆದು ಜೈಲಾಗ್ ಎಂಬ ಕಂಪೆನಿ ಕಟ್ಟಿದ ಮೇಲೆ, 4004ರ ಕಥೆ ಹೇಳುವಾಗ ಹಾಫ್‌ರ ಹೆಸರು ಮುಂದೆ ಬಂದಿತು. ಫಾಜಿನ್ನರ ಹೆಸರು ಬಹುಕಾಲ ಹಿಂದೆಯೇ ಉಳಿಯಿತು. 1997ರ ಕ್ಯೋಟೊ ಪ್ರಶಸ್ತಿ ನಾಲ್ವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. 2010ರಲ್ಲಿ ಅಮೆರಿಕದ ಅಧ್ಯಕ್ಷರು ಫಾಜಿನ್, ಹಾಫ್, ಮೇಜೋರರಿಗೆ ರಾಷ್ಟ್ರೀಯ ಪದಕ ತೊಡಿಸಿದರು.

ಹೀಗೊಂದು ವಸ್ತು ಹುಟ್ಟಬಹುದೆಂದು ಕಂಡ ಕಣ್ಣು ದೊಡ್ಡದು, ನಿಜ. ಅದನ್ನು ಹುಟ್ಟಿಸಿ, ನಡೆಯುವಂತೆ ಮಾಡಿದ ಕೈ ಅದಕ್ಕಿಂತ ಸಣ್ಣದೆಂದು ನೀವು ಹೇಳಬಲ್ಲಿರಾ?