ಓದಲು ತೊಡಕಿರುವ ಮಕ್ಕಳಿಗೆ ಊರಿನವರೇ ಜೊತೆಗಾರರು

ಕಂದಲಗಾಂವ: ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಸೋಲಾಪುರ, ಅಕ್ಕಲಕೋಟೆ ಭಾಗದ ಅನೇಕ ಮನೆಗಳಲ್ಲಿ ಇದು ಹೊಸದೇನಲ್ಲ. ಆದರೆ ಮೂರನೇ ಇಯತ್ತೆಗೆ ಬಂದರೂ ಮಗುವಿಗೆ ಒಂದು ಸಾಲು ಓದಲು ಬರದಿದ್ದರೆ? ತೊಡಕು ಭಾಷೆಯದೋ, ಕಣ್ಣು-ಕಿವಿಯದೋ, ಕಲಿಕಾ ನ್ಯೂನತೆಯದೋ ಎಂದು ವಿಚಾರಿಸದೆ ‘ದಡ್ಡ’ ಎಂಬ ಹಣೆಪಟ್ಟಿ ಹಚ್ಚಿದರೆ ಆ ಮಗು ಶಾಲೆಯನ್ನೇ ಬಿಡುವ ಅಪಾಯವಿದೆ. ಇಂಥ ಮಗುವಿನ ಪಕ್ಕದಲ್ಲಿ ಕುಳಿತು ಓದಿಸುವ ಸ್ವಯಂಸೇವಕರ ಗುಂಪನ್ನು ಊರಲ್ಲೇ ಕಟ್ಟಬಹುದು. ಅದರ ವಿವರ ಇಲ್ಲಿದೆ.

ಕಾಯ್ದೆ ಏನು ಹೇಳುತ್ತದೆ?

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಷ್ಟೇ ಇದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ‘ತಾರೆ ಜಮೀನ್ ಪರ್’ (2007) ಚಿತ್ರದಿಂದ ಮನೆಮಾತಾದ ಡಿಸ್ಲೆಕ್ಸಿಯಾ ಕೂಡ ಈಗ ಪಟ್ಟಿಯಲ್ಲಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯ ದೃಢಪಟ್ಟ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ.

ಮೊದಲ ಹೆಜ್ಜೆ

ಮುಖ್ಯಾಧ್ಯಾಪಕರು ಮತ್ತು ಶಾಲಾ ವ್ಯವಸ್ಥಾಪನ ಸಮಿತಿಯ ಒಪ್ಪಿಗೆಯಿಲ್ಲದೆ ಕೆಲಸ ಆರಂಭಿಸಬಾರದು. ಪಾಲಕರಿಂದ ಲಿಖಿತ ಸಮ್ಮತಿ ಬೇಕು. ಸರ್ಕಾರಿ ಶಾಲೆಗಳಿಗೆ ಸೇವೆ ನೀಡಬಯಸುವವರಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2021ರಲ್ಲಿ ‘ವಿದ್ಯಾಂಜಲಿ 2.0’ ಯೋಜನೆ ತಂದಿದೆ. ಓದಿಸುವ ಮೊದಲು ಮಗುವಿನ ಕಣ್ಣು, ಕಿವಿ ಪರೀಕ್ಷೆ ಆಗಿರಲಿ. ಎಷ್ಟೋ ಸಲ ಒಂದು ಕನ್ನಡಕವೇ ಅರ್ಧ ತೊಡಕನ್ನು ಬಿಡಿಸುತ್ತದೆ! ಸ್ವಯಂಸೇವಕರು ವೈದ್ಯರಲ್ಲ, ನ್ಯೂನತೆ ಇದೆ, ಇಲ್ಲ ಎಂದು ತೀರ್ಮಾನ ಹೇಳುವುದು ಅವರ ಕೆಲಸವಲ್ಲ. ಶಿಕ್ಷಕರು ಪ್ರಾಥಮಿಕ ತಪಾಸಣೆ ಮಾಡಲು ಎನ್‌ಸಿಇಆರ್‌ಟಿಯ ‘ಪ್ರಶಸ್ತ್’ ಆ್ಯಪ್ ಇದೆ.

ಭಾಷೆಯ ತೊಡಕೇ ಬೇರೆ

ಮಗುವಿಗೆ ಕನ್ನಡದಲ್ಲಿ ಒಂದು ಕಥೆ ಹೇಳಿ, ತಿರುಗಿ ಹೇಳಿಸಬೇಕು. ಆಮೇಲೆ ಅಂಥದೇ ಕಥೆ ಮರಾಠಿಯಲ್ಲಿ. ಕನ್ನಡದಲ್ಲಿ ಸರಾಗವಾಗಿ ಹೇಳಿ ಮರಾಠಿಯಲ್ಲಿ ತಡವರಿಸಿದರೆ, ಭಾಷೆಯ ಅಭ್ಯಾಸ ಕಡಿಮೆ ಇರುವ ಸಾಧ್ಯತೆ ಹೆಚ್ಚು. ಎರಡರಲ್ಲೂ ಚೆನ್ನಾಗಿ ಹೇಳುವ ಮಗು, ಬಹಳ ದಿನ ಕಲಿಸಿದರೂ ಅಕ್ಷರ ಕೂಡಿಸಿ ಓದಲಾರದೆ ಹೋದರೆ ವಿಶೇಷ ಶಿಕ್ಷಕರಿಗೆ ತೋರಿಸಬೇಕು. ಲಿಪಿಯ ಗೊಂದಲವೂ ಉಂಟು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಬರುತ್ತದೆ. ಮರಾಠಿಯ ಜೋಡಾಕ್ಷರ ಹೆಚ್ಚಾಗಿ ಪಕ್ಕದಲ್ಲಿ. ಮರಾಠಿಯ ‘ಪಹಿಲಿ ವೇಲಾಂಟಿ’ಯನ್ನು ಅಕ್ಷರದ ಎಡಕ್ಕೆ ಬರೆದು, ಅಕ್ಷರದ ನಂತರ ಉಚ್ಚರಿಸಬೇಕು. ಹೊಸದಾಗಿ ಕಲಿಯುವ ಯಾವ ಮಗುವಾದರೂ ಇಲ್ಲಿ ಎಡವುತ್ತದೆ. ಅದಷ್ಟೇ ನ್ಯೂನತೆಯ ಲಕ್ಷಣವಲ್ಲ.

ಅರ್ಧ ತಾಸಿನ ಓದು

ವಾರಕ್ಕೆ ಮೂರು ದಿನ, ಒಂದೇ ವೇಳೆ, ಒಂದೇ ಜಾಗ, ಒಬ್ಬರೇ ಜೊತೆಗಾರರು. ಮೊದಲ 5 ನಿಮಿಷ ಮಾತುಕತೆ. 10 ನಿಮಿಷ ಜೊತೆಗಾರರು ಸಾಲಿನ ಕೆಳಗೆ ಬೆರಳಿಟ್ಟು ಓದುವುದು. 10 ನಿಮಿಷ ಇಬ್ಬರೂ ಕೂಡಿ ಓದುವುದು. ಕೊನೆಯ 5 ನಿಮಿಷ ಪದದಾಟ. ಇಯತ್ತೆ ನೋಡಿ ಪುಸ್ತಕ ಕೊಡದೆ, ಮಗು ಈಗ ಎಷ್ಟು ಓದಬಲ್ಲದೋ ಅಲ್ಲಿಂದಲೇ ಶುರು ಮಾಡಬೇಕು. 1995ರಲ್ಲಿ ಮುಂಬೈಯಲ್ಲಿ ಆರಂಭವಾದ ‘ಪ್ರಥಮ್’ ಸಂಸ್ಥೆ ದೇಶದಾದ್ಯಂತ ಹರಡಿದ್ದು ಇದೇ ಪದ್ಧತಿಯನ್ನು.

ಮಗುವಿಗೆ ತಕ್ಕ ಬದಲಾವಣೆ

* ಮಂದ ದೃಷ್ಟಿ: ದೊಡ್ಡ, ದಪ್ಪ ಅಕ್ಷರ, ಪುಟದ ಮೇಲೆ ಚೆನ್ನಾಗಿ ಬೆಳಕು.
* ಅಂಧತ್ವ: ಬ್ರೈಲ್. ಭಾರತಿ ಬ್ರೈಲ್‌ನಲ್ಲಿ ಕನ್ನಡದ ‘ಕ’ಗೂ ಮರಾಠಿಯ ‘ಕ’ಗೂ ಒಂದೇ ಚುಕ್ಕಿಗಳು. ಗಡಿಯ ಮಕ್ಕಳಿಗೆ ಇದು ದೊಡ್ಡ ಅನುಕೂಲ.
* ಶ್ರವಣದೋಷ: ಎದುರಿಗೆ ಕುಳಿತು, ಮುಖ ಕಾಣುವಂತೆ ಮಾತು, ಸನ್ನೆ, ಚಿತ್ರಗಳ ನೆರವು.
* ಡಿಸ್ಲೆಕ್ಸಿಯಾ: ಒಮ್ಮೆಗೆ ಎರಡು-ಮೂರೇ ಅಕ್ಷರ, ಉಸುಕಿನಲ್ಲಿ ಬೆರಳಿನಿಂದ ತಿದ್ದಿಸುವುದು.
* ಬೌದ್ಧಿಕ ನ್ಯೂನತೆ: ಅದೇ ಚಿತ್ರಪುಸ್ತಕ ಮತ್ತೆ ಮತ್ತೆ, ಅವಸರವಿಲ್ಲದೆ.
* ಮಾತಿನ ತೊಂದರೆ: ಬೆರಳು ತೋರಿಸಿ ಉತ್ತರಿಸಿದರೂ ಅದು ಉತ್ತರವೇ.

ಪುಸ್ತಕ ಎಲ್ಲಿ?

ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ. ಎಷ್ಟೋ ಕಥೆಗಳು ಕನ್ನಡ, ಮರಾಠಿ ಎರಡರಲ್ಲೂ ಇವೆ. ಅಂಧರಿಗಾಗಿ 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ವಿದೆ. ಬೆಂಗಳೂರಿನ ‘ಮಿತ್ರಜ್ಯೋತಿ’ ಸಂಸ್ಥೆ ಧ್ವನಿ ಪುಸ್ತಕಗಳ ಗ್ರಂಥಾಲಯ ನಡೆಸುತ್ತದೆ.

ಇವನ್ನು ಮರೆಯಬಾರದು

ಓದು ಶಾಲೆಯ ತೆರೆದ ಕೋಣೆಯಲ್ಲೇ ನಡೆಯಲಿ, ಇನ್ನೊಬ್ಬ ಹಿರಿಯರು ಕಣ್ಣಳತೆಯಲ್ಲಿರಲಿ. ಮಗುವಿನ ಫೋಟೊ, ನ್ಯೂನತೆಯ ವಿವರ ವಾಟ್ಸ್‌ಆ್ಯಪ್‌ಗೆ ಹೋಗಬಾರದು. ಒಂದು ವಹಿಯಲ್ಲಿ ದಿನಾಂಕ, ಓದಿದ ಪುಟ ಬರೆದಿಟ್ಟು ಮೂರು ತಿಂಗಳಿಗೊಮ್ಮೆ ನೋಡಬೇಕು. ಮಗುವನ್ನು ಅದರ ನಿನ್ನೆಯ ಓದಿನೊಂದಿಗೆ ಹೋಲಿಸಬೇಕೇ ಹೊರತು ಓರಗೆಯವರೊಂದಿಗಲ್ಲ. ಸುಗ್ಗಿಯಲ್ಲಿ ಬರಲಾಗದಿದ್ದರೆ ಮೊದಲೇ ತಿಳಿಸಿ, ಬದಲಿಯವರನ್ನು ಪರಿಚಯಿಸಬೇಕು. ಹೇಳದೆ ಕೇಳದೆ ಬಿಟ್ಟುಹೋದರೆ, ತಪ್ಪು ತನ್ನದೇ ಎಂದು ಮಗು ತಿಳಿಯುತ್ತದೆ. ಹಾಗಾಗಿ ಹತ್ತು ಮಕ್ಕಳೊಂದಿಗೆ ಆರಂಭಿಸಿ ನಿಲ್ಲಿಸುವುದಕ್ಕಿಂತ, ಇಬ್ಬರನ್ನು ವರ್ಷವಿಡೀ ಓದಿಸುವುದೇ ಮೇಲು.